ರೈಲಿನಲ್ಲಿ ಮಾತು
ಇವತ್ತು ಮೆಟ್ರೋದಲ್ಲಿ ಪಕ್ಕದ ಅಜ್ಜಿ "ರಾಜಾಜಿನಗರ ದಾಟ್ತೇನಮ್ಮಾ?" ಅಂದರು. ಯಶವಂತಪುರ ಬರುವಷ್ಟರಲ್ಲಿ ಅವರ ಮಂಡಿನೋವು, ಮೊಮ್ಮಗಳ ಮದುವೆ, ಛತ್ರದ ಬಾಡಿಗೆ ಎಲ್ಲವೂ ನನಗೆ ಗೊತ್ತಾಗಿತ್ತು. ಇಳಿಯುವಾಗ ಮನಸ್ಸು ಹಗುರ.

ನಿಕೋಲಸ್ ಎಪ್ಲಿ, ಜೂಲಿಯಾನಾ ಶ್ರೋಡರ್ ಎಂಬ ಮನಶ್ಶಾಸ್ತ್ರಜ್ಞರು ಷಿಕಾಗೋದ ರೈಲು, ಬಸ್ಸುಗಳಲ್ಲಿ ಇದನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಅಪರಿಚಿತರ ಜೊತೆ ಮಾತಾಡಿದರೆ ಪ್ರಯಾಣ ಕೆಡುತ್ತದೆ ಎಂದೇ ಜನರ ಊಹೆ. ಆಗಿದ್ದು ಉಲ್ಟಾ. ಸುಮ್ನೆ ಕೂತವರಿಗಿಂತ ಮಾತಾಡಿದವರಿಗೇ ಜಾಸ್ತಿ ಖುಷಿ. ಎದುರಿನವರಿಗೆ ಮಾತು ಬೇಡ ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಹಾಗಾಗಿ ಯಾರೂ ಬಾಯಿ ಬಿಡಲ್ಲ, ಅಷ್ಟೇ. ನಾನೂ ಇಯರ್‌ಫೋನ್ ಪಾರ್ಟಿಯೇ ಅನ್ನಿ.

ಬೆಳಗಿನ ರಶ್ಶಿನಲ್ಲಿ ಮಾತ್ರ ಈ ಪ್ರಯೋಗ ಬೇಡ. ಅಲ್ಲಿ ಉಸಿರಾಡುವುದಕ್ಕೇ ಜಾಗ ಇರಲ್ಲ.