ಎಂಟು ಬಾಗಿಲ ನಾಲೆ

ಅಪ್ಪ ಲಂಡನ್ನಿಗೆ ಬಂದು ಐದು ವಾರವಾಗಿತ್ತು. ಅರಮನೆ, ಗಡಿಯಾರದ ಗೋಪುರ, ಮ್ಯೂಸಿಯಂ ಎಲ್ಲ ತೋರಿಸಿದ್ದೆ. ಪ್ರತಿ ಸಲವೂ "ಚೆನ್ನಾಗದೆ ಕಣವ್ವ" ಅಂದು ಸುಮ್ಮನಾಗುತ್ತಿದ್ದರು. ಮನೆಗೆ ಬಂದರೆ ಮೂರನೇ ಮಹಡಿಯ ಕಿಟಕಿ ಪಕ್ಕದ ಕುರ್ಚಿ, ಹೊರಗೆ ಜಿನುಗುವ ಮಳೆ. ಮೊಮ್ಮಗಳು ಎಚ್ಚರವಿದ್ದಾಗ ಮಾತ್ರ ಅವರ ಮುಖ ಅರಳುತ್ತಿತ್ತು. ಮೂವತ್ತು ವರ್ಷ ದಿನವೂ ಹತ್ತು ಹನ್ನೆರಡು ಕಿಲೋಮೀಟರ್ ನಡೆದ ಕಾಲುಗಳನ್ನು ಹೀಗೆ ಮಡಚಿ ಕೂರಿಸಿದ್ದೇನಲ್ಲ ಎಂದು ನನಗೇ ಕಸಿವಿಸಿ.

ಅಪ್ಪ ವಿಶ್ವೇಶ್ವರಯ್ಯ ನಾಲೆಯ ಒಂದು ಶಾಖೆಯಲ್ಲಿ ಸೌಡಿಯಾಗಿದ್ದವರು. ತೂಬು ಎತ್ತುವುದು, ಇಳಿಸುವುದು, ಏರಿ ಎಲ್ಲಿ ಜಿನುಗುತ್ತಿದೆ ಎಂದು ನೋಡುವುದು, ರಾತ್ರಿ ಯಾರಾದರೂ ಕದ್ದು ನೀರು ತಿರುಗಿಸಿದರೆ ಹೋಗಿ ಸರಿ ಮಾಡುವುದು, ಇವು ಅವರ ಕೆಲಸ. ಸೆಪ್ಟೆಂಬರ್ ಮೊದಲ ಶನಿವಾರ ಬಿಸಿಲು ಬಂದಾಗ ಹೊಳೆಯಿತು: ಈ ಊರಲ್ಲೂ ಒಂದು ನಾಲೆ ಇದೆಯಲ್ಲ. ಮಗುವನ್ನು ಗಂಡನ ಕೈಗೆ ಕೊಟ್ಟು, ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಅಪ್ಪನನ್ನು ಹೊರಡಿಸಿದೆ. ಏಂಜೆಲ್ ಸ್ಟೇಷನ್ನಿನಿಂದ ಲೈಮ್‌ಹೌಸ್‌ವರೆಗೆ ಆರೇಳು ಕಿಲೋಮೀಟರ್. ಮಂಡಿ ನೋವಿನವರೂ ನಡೆಯಬಹುದಾದ ದಾರಿ, ಏಕೆಂದರೆ ಅದನ್ನು ಮಾಡಿದ್ದೇ ದೋಣಿ ಎಳೆಯುವ ಕುದುರೆಗಳಿಗಾಗಿ.

ಸ್ಟೇಷನ್ನಿನಿಂದ ಐದು ನಿಮಿಷ ನಡೆದು, ಮನೆಗಳ ನಡುವಿನ ಇಳಿಜಾರಿನಲ್ಲಿ ಇಳಿದರೆ ರೀಜೆಂಟ್ಸ್ ನಾಲೆ. ಬಲಕ್ಕೆ ನೀರು, ಹಿಂದೆ ತಿರುಗಿದರೆ ಇಟ್ಟಿಗೆ ಕಮಾನಿನ ಕಪ್ಪು ಬಾಯಿ. ಇಸ್ಲಿಂಗ್ಟನ್ ಸುರಂಗ, 878 ಮೀಟರ್ ಉದ್ದ. ಅಪ್ಪ ನಿಂತುಬಿಟ್ಟರು.

"ಹುಲಿಕೆರೆ ಸುರಂಗ ಕಂಡಂಗಾಯ್ತದಲ್ಲವ್ವ."

ಕನ್ನಂಬಾಡಿಯ ನೀರು ಮಂಡ್ಯದ ಬಯಲಿಗೆ ಬರಬೇಕಾದರೆ ಹುಲಿಕೆರೆಯ ಗುಡ್ಡದ ಹೊಟ್ಟೆ ಸೀಳಿ ಬರಬೇಕು. ಆ ಸುರಂಗ ಇದರ ಎರಡರಷ್ಟಕ್ಕೂ ಉದ್ದ. ನಾಲೆಗೆ ಇರ್ವಿನ್ ನಾಲೆ ಅಂತ ಹೆಸರಿದ್ದ ಕಾಲದಲ್ಲಿ ಕೊರೆದದ್ದು. ಅಪ್ಪನ ಮಟ್ಟಿಗೆ ಸುರಂಗ ಅಂದರೆ ಅದೊಂದೇ. ಇಲ್ಲಿ ಕುದುರೆ ನಡೆಯಲು ಒಳಗೆ ದಾರಿಯಿಲ್ಲ. ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿಂದ ಹೊಡೆದುಕೊಂಡು ಹೋಗುತ್ತಿದ್ದರು. ದೋಣಿಯವರು ಅಂಗಾತ ಮಲಗಿ, ಎರಡೂ ಗೋಡೆಗೆ ಕಾಲು ಕೊಟ್ಟು ತಳ್ಳುತ್ತ ದೋಣಿಯನ್ನು ಆಚೆ ದಾಟಿಸುತ್ತಿದ್ದರು. 1826ರಲ್ಲಿ ಉಗಿ ದೋಣಿ ಬಂದಮೇಲೆ ಆ ಕಷ್ಟ ತಪ್ಪಿತು. ನಾನು ಹೇಳಿದ್ದನ್ನು ಕೇಳಿ ಅಪ್ಪ ತಮ್ಮ ಕಾಲುಗಳನ್ನೇ ಒಮ್ಮೆ ನೋಡಿಕೊಂಡರು.

ಆಮೇಲೆ ಪ್ರಶ್ನೆಗಳು ಶುರುವಾದವು. ಐದು ವಾರದ್ದೆಲ್ಲ ಒಟ್ಟಿಗೆ. ಎಷ್ಟು ವರ್ಷದ್ದು? ಪೂರ್ತಿ ತೆರೆದದ್ದು 1820ರಲ್ಲಿ. ಉದ್ದ? ಪ್ಯಾಡಿಂಗ್ಟನ್ ಕಡೆಯಿಂದ ಥೇಮ್ಸ್‌ವರೆಗೆ ಹದಿನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಕಟ್ಟೆ ಎಲ್ಲದೆ? ನಾನು ಅಷ್ಟು ವರ್ಷ ಅಲ್ಲಿದ್ದರೂ ಕಟ್ಟೆಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಫೋನಿನಲ್ಲಿ ಹುಡುಕಿದೆ. ಊರಿನ ವಾಯವ್ಯಕ್ಕೆ ಬ್ರೆಂಟ್ ಎಂಬ ಜಲಾಶಯ, 1835ರಲ್ಲಿ ಈ ನಾಲೆಗೆ ನೀರು ಸಾಲದೆ ಕಟ್ಟಿಸಿದ್ದು. "ಅಂಗನ್ನು ಮತ್ತೆ. ಕಟ್ಟೆ ಇಲ್ದೆ ನಾಲೆ ಉಂಟಾ" ಎಂದು ಅಪ್ಪ ಸಮಾಧಾನಗೊಂಡರು. ಕೊನೆಗೆ ಬಂದ ಪ್ರಶ್ನೆಗೆ ಮಾತ್ರ ನಾನು ಉತ್ತರ ಕೊಡಲಿಲ್ಲ.

"ಇದರ ಅಚ್ಚುಕಟ್ಟು ಎಲ್ಲಿ? ಯಾರ ಗದ್ದೆಗೆ ಓಯ್ತದೆ ನೀರು?"

"ನಡೀರಿ, ನೋಡೋಣ" ಅಂದೆ.

ಸ್ವಲ್ಪ ಮುಂದೆ ಸಿಟಿ ರೋಡ್ ಲಾಕ್. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ತೊಟ್ಟಿ; ನೀರು ತುಂಬಿಸಿ, ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ಅಗಲ ಕಮ್ಮಿಯ ಉದ್ದನೆಯ ದೋಣಿಯೊಂದು ಮೇಲಿನಿಂದ ಕೆಳಕ್ಕೆ ಇಳಿಯಲು ಕಾಯುತ್ತಿತ್ತು. ದೋಣಿಯಲ್ಲೇ ಮನೆ ಮಾಡಿಕೊಂಡಿರುವ ನಡುವಯಸ್ಸಿನ ಹೆಂಗಸು, ಸೊಂಟದಲ್ಲಿ ಎಲ್ ಆಕಾರದ ಕಬ್ಬಿಣದ ಕೀಲಿ. ಆಕೆ ದೋಣಿಯನ್ನು ತೊಟ್ಟಿಯೊಳಗೆ ತಂದು, ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲ ಬಳಿ ಆ ಕೀಲಿ ಸಿಕ್ಕಿಸಿ ತಿರುಗಿಸತೊಡಗಿದಳು. ಕಟಕಟ ಸದ್ದು. ನೀರಿನಡಿ ಹಲಗೆ ಮೇಲೇಳುತ್ತಿದ್ದಂತೆ ಕೆಳಗಡೆ ನೊರೆ ಉಕ್ಕಿತು.

ಅಪ್ಪನಿಗೆ ನಾನು ವಿವರಿಸುವ ಮೊದಲೇ ಅರ್ಥವಾಗಿತ್ತು. "ತೂಬು ಎತ್ತಾವಳೆ" ಅಂದರು ಮೆಲ್ಲಗೆ. ನನ್ನ ಕೈ ಹಿಡಿದು ಬಾಗಿಲು ತೋರಿಸಿದರು. ಎರಡು ಮರದ ಬಾಗಿಲುಗಳು ನೇರವಾಗಿ ಸೇರುವುದಿಲ್ಲ. ನೀರು ಬರುವ ದಿಕ್ಕಿಗೆ ಮೂಗು ಚಾಚಿ, ಕೈ ಮುಗಿದ ಹಾಗೆ ಕೂಡಿಕೊಳ್ಳುತ್ತವೆ. "ನೀರು ಒತ್ತಿದಷ್ಟೂ ಬಿಗಿ ಆಯ್ತದೆ. ಚಿಲಕ ಬೇಡ. ನೀರಿನ ಕೈಲೇ ನೀರ ಕಟ್ಟಾಕವ್ರೆ." ನಾನು ಆ ದಾರಿಯಲ್ಲಿ ಎಷ್ಟೋ ಸಲ ಓಡಿದ್ದೇನೆ. ಬಾಗಿಲಿನ ಆಕಾರವನ್ನು ಒಂದು ದಿನವೂ ನೋಡಿರಲಿಲ್ಲ.

ದೋಣಿ ನಮ್ಮ ಕಣ್ಣೆದುರೇ ಆಳೆತ್ತರ ಇಳಿಯಿತು. ಎರಡೂ ಕಡೆಯ ನೀರು ಸಮವಾದ ಮೇಲೆ ಬಾಗಿಲು ತೆರೆಯಬೇಕು. ಒಂದೊಂದಕ್ಕೂ ಮರದ ದೊಡ್ಡ ತೊಲೆ, ಅದಕ್ಕೆ ಬೆನ್ನು ಕೊಟ್ಟು ತಳ್ಳಬೇಕು. ಆಕೆ ಒಂದು ಬದಿಗೆ ಹೋಗುತ್ತಿದ್ದಾಗ ಅಪ್ಪ ಇನ್ನೊಂದು ಬದಿಯ ತೊಲೆ ತೋರಿಸಿ, ನಾನು ಮಾಡಲೇ ಎಂಬಂತೆ ಕೈಯಾಡಿಸಿದರು. ಆಕೆ ನಕ್ಕು ತಲೆಯಾಡಿಸಿದಳು. ಅಪ್ಪ ತೊಲೆಗೆ ಬೆನ್ನಾನಿಸಿ, ಹಿಮ್ಮಡಿ ಊರಿ ನಿಂತರು. ಅವಸರ ಮಾಡಲಿಲ್ಲ. ಮೊದಲು ಏನೂ ಅಲುಗಲಿಲ್ಲ. ಆಮೇಲೆ ಸದ್ದಿಲ್ಲದೆ ಬಾಗಿಲು ನೀರನ್ನು ಸರಿಸುತ್ತ ಹೊರಟಿತು. ದೋಣಿ ದಾಟಿ ಹೋಗುವಾಗ ಆಕೆ ಕೈಬೀಸಿದಳು, ಅಪ್ಪ ಕೈಮುಗಿದರು. ಅವರ ಹಣೆಯಲ್ಲಿ ಬೆವರು. ಲಂಡನ್ನಿಗೆ ಬಂದಮೇಲೆ ಅವರು ಬೆವರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಪಕ್ಕದಲ್ಲಿ ಇನ್ನೊಂದು ತೊಟ್ಟಿ ಇತ್ತು. ಹಿಂದೆ ಪ್ರತಿ ಲಾಕ್ ಜೋಡಿ ಜೋಡಿಯಾಗಿದ್ದವಂತೆ. ಈಗ ಒಂದನ್ನು ಹೆಚ್ಚಿನ ನೀರು ಹರಿಯಲು ಬಿಟ್ಟಿದ್ದಾರೆ. "ಕೋಡಿ ಮಾಡವ್ರೆ" ಅಂದರು ಅಪ್ಪ.

ಅಲ್ಲಿಂದ ಸ್ಟರ್ಟ್ಸ್ ಲಾಕ್, ಆಕ್ಟನ್ಸ್ ಲಾಕ್. ನಡುವೆ ಹೊಸ ಅಪಾರ್ಟ್‌ಮೆಂಟುಗಳು, ಕಾಫಿ ಅಂಗಡಿಗಳು, ಹಳೆಯ ಗ್ಯಾಸ್ ಟ್ಯಾಂಕುಗಳ ಕಬ್ಬಿಣದ ಪಂಜರ. ಸೈಕಲ್ಲಿನವರು ಗಂಟೆ ಬಾರಿಸಿದಾಗಲೆಲ್ಲ ಗೋಡೆಗೆ ಒರಗಬೇಕು. ಒಂದು ಸೇತುವೆಯ ಕೆಳಗೆ ಮೂಲೆಗೆ ಬಡಿದ ಕಬ್ಬಿಣದ ಪಟ್ಟಿಯಲ್ಲಿ ಬೆರಳು ಹೋಗುವಷ್ಟು ಆಳದ ಗೀರುಗಳಿದ್ದವು. ಕುದುರೆಯ ಹಗ್ಗ ನೂರಕ್ಕೂ ಹೆಚ್ಚು ವರ್ಷ ಉಜ್ಜಿದ ಗುರುತು. ನಮ್ಮೂರ ಸೇದೋ ಬಾವಿಯ ಕಲ್ಲಿನ ಮೇಲೂ ಇಂಥದೇ ಗೀರುಗಳಿವೆ. ಅಪ್ಪ ಬೆರಳಿಟ್ಟು ನೋಡಿದರು, ನಾನೂ ಇಟ್ಟೆ.

ನೀರಿನ ತುಂಬ ಹಸಿರು ಪಾಚಿಸೊಪ್ಪು ಹಾಸಿದ ಕಡೆ, ದೂರದಿಂದ ಥೇಟ್ ಭತ್ತದ ಸಸಿಯ ಒಟ್ಲು ಪಾತಿ. ನಾಮದ ಕೋಳಿಯೊಂದು ಅದನ್ನು ಸೀಳಿಕೊಂಡು ಹೋದಾಗಷ್ಟೇ ನೀರೆಂದು ತಿಳಿದದ್ದು. ದಡದಲ್ಲಿ ಕಟಕಟೆ ಇಲ್ಲ. ಮೂರು ವರ್ಷದ ಹುಡುಗನೊಬ್ಬ ಅಂಚಿನಲ್ಲೇ ಓಡುತ್ತಿದ್ದ, ಅವನ ತಾಯಿ ಹತ್ತು ಹೆಜ್ಜೆ ಹಿಂದೆ. ನನ್ನ ಜೀವ ಹಿಡಿಯಷ್ಟಾಯಿತು. ಇಲ್ಲಿ ಹೆಚ್ಚಿನ ಕಡೆ ಎದೆಮಟ್ಟದ ನಿಂತ ನೀರು. ಆದರೆ ನಾನು ಬೆಳೆದ ಕಡೆ ನಾಲೆ ಅಂದರೆ ಸೆಳೆತ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ಇದೇ ವಿಶ್ವೇಶ್ವರಯ್ಯ ನಾಲೆಗೆ ಬಿದ್ದು ಮೂವತ್ತು ಜನ ಹೋದರು, ಅದರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿದ್ದರು. ಅದಕ್ಕೂ ಎಷ್ಟೋ ಮುಂಚಿನಿಂದ ಅಮ್ಮನ ಕಟ್ಟಪ್ಪಣೆ: ನಾಲೆ ಏರಿ ಹತ್ತಬಾರದು. ಅಪ್ಪ ಜೀವಮಾನ ಕಳೆದ ಏರಿಯ ಮೇಲೆ ಅವರ ಜೊತೆ ನಾನು ಒಂದು ದಿನವೂ ನಡೆದವಳಲ್ಲ. ಅವರ ಕೆಲಸ ನನ್ನ ಪಾಲಿಗೆ ಬಾಗಿಲಲ್ಲಿ ಬಿಟ್ಟ ಕೆಸರು ಮೆಟ್ಟಷ್ಟೇ ಆಗಿತ್ತು.

ಓಲ್ಡ್ ಫೋರ್ಡ್ ಲಾಕ್ ಹತ್ತಿರ ಬರುತ್ತಿದ್ದಂತೆ ಎಡಕ್ಕೆ ವಿಕ್ಟೋರಿಯಾ ಪಾರ್ಕ್. ಕೆರೆಯ ಪಕ್ಕದ ಬೆಂಚಿನಲ್ಲಿ ಚಿತ್ರಾನ್ನದ ಡಬ್ಬಿ ತೆರೆದೆವು. ಇದು ರಾಜರ ಬೇಟೆಯ ಕಾಡು ಉದ್ಯಾನವಾದದ್ದಲ್ಲ. ಗಿಜಿಗುಡುವ ಬಡವರ ಬೀದಿಗಳಿಗೆ ಉಸಿರಾಡಲು ಜಾಗ ಬೇಕೆಂದು 1840ರಲ್ಲಿ ಸುಮಾರು ಮೂವತ್ತು ಸಾವಿರ ಜನ ಸಹಿ ಹಾಕಿ ರಾಣಿಗೆ ಅರ್ಜಿ ಕೊಟ್ಟರು; 1845ರಲ್ಲಿ ಪಾರ್ಕ್ ತೆರೆಯಿತು. ಅಪ್ಪ ತುತ್ತು ನಿಲ್ಲಿಸಿ ಕೇಳಿದರು. ಬೆಳೆ ಒಣಗುವಾಗ ಬೆಳಗಿನ ಜಾವ ಅರ್ಜಿ ಹಿಡಿದು ನಮ್ಮ ಬಾಗಿಲಿಗೆ ಬಂದವರನ್ನು, ತಮ್ಮ ಕೈಲಿಲ್ಲದ ನೀರಿಗಾಗಿ ಬೈಸಿಕೊಂಡದ್ದನ್ನು ಹೇಳಿದರು. "ನಾಲೆ ಚೆನ್ನಾಗದೋ ಇಲ್ವೋ ಅಂತ ತಲೆಕಟ್ಟಲ್ಲಿ ನೋಡಿದ್ರೆ ಗೊತ್ತಾಗಲ್ಲ ಕಣವ್ವ. ಕೊನೇ ತೂಬಿಗೆ ಓಗಿ ನೋಡ್ಬೇಕು. ಅಲ್ಲಿ ನೀರಿದ್ರೆ ನಾ ಕೆಲಸ ಮಾಡಿವ್ನಿ ಅಂತ." ಈ ಮಾತನ್ನು ಅವರು ನನಗೆ ಎಂದೂ ಹೇಳಿರಲಿಲ್ಲ. ಇಷ್ಟು ವರ್ಷ ನಾನು ಕೇಳಿಯೂ ಇರಲಿಲ್ಲ.

ಮುಂದೆ ದಾರಿಯ ಪಕ್ಕದಲ್ಲೇ ಉದ್ದಕ್ಕೆ ಮೈಲ್ ಎಂಡ್ ಪಾರ್ಕ್. ಎರಡನೇ ಮಹಾಯುದ್ಧದ ಬಾಂಬುಗಳಿಂದ ಹಾಳಾದ ಕಾರ್ಖಾನೆಗಳ ನೆಲದಲ್ಲಿ ಬೆಳೆಸಿದ್ದು. ಅದರ ನಡುವೆ ಹಾಯುವ ಹೆದ್ದಾರಿಯ ಮೇಲೆ ಪಾರ್ಕನ್ನೇ ಸೇತುವೆಯಾಗಿ ದಾಟಿಸಿದ್ದಾರೆ, ಮಣ್ಣು, ಹುಲ್ಲು, ಮರಗಳ ಸಮೇತ. ಕೆಳಗೆ ಬಸ್ಸುಗಳು ಹೋಗುತ್ತಿದ್ದವು, ನಾವು ಹುಲ್ಲಿನ ಮೇಲಿದ್ದೆವು. "ನೀರಿಗೆ ಮೇಲ್ಗಾಲುವೆ ಕಟ್ಟೋದ ಕಂಡಿವ್ನಿ. ಮರಕ್ಕೆ ಕಟ್ಟೋದ ಇವತ್ತೇ ಕಂಡಿದ್ದು" ಎಂದು ಅಪ್ಪ ಅಂಚಿಗೆ ಹೋಗಿ ಮಣ್ಣು ಎಷ್ಟು ದಪ್ಪ ಇರಬಹುದೆಂದು ಅಂದಾಜು ಮಾಡಿದರು.

ಉಳಿದ ಲಾಕ್‌ಗಳನ್ನು ಅವರೇ ಎಣಿಸಿದರು. ಲೈಮ್‌ಹೌಸ್ ಮುಟ್ಟುವಾಗ ಎಂಟು. ಅಲ್ಲಿ ನಾಲೆ ಅಗಲವಾಗಿ ಒಂದು ಕೊಳವಾಗುತ್ತದೆ. ಹಾಯಿದೋಣಿಗಳ ಕಂಬಗಳು, ಆಚೆ ದೊಡ್ಡ ಬಾಗಿಲು, ಅದರಾಚೆ ಥೇಮ್ಸ್. ಸಮುದ್ರದ ಉಬ್ಬರವಿಳಿತ ಅಲ್ಲಿಯವರೆಗೂ ಬರುತ್ತದೆ. ಒಂದು ಕಾಲಕ್ಕೆ ಕಲ್ಲಿದ್ದಲು, ಮರ, ಇಟ್ಟಿಗೆ ಎಲ್ಲ ಇಲ್ಲಿ ಹಡಗಿನಿಂದ ದೋಣಿಗಿಳಿದು ಊರೊಳಗೆ ಹೋಗುತ್ತಿತ್ತು. 1960ರ ದಶಕ ಮುಗಿಯುವಷ್ಟರಲ್ಲಿ ಸರಕಿನ ದೋಣಿಗಳು ಹೆಚ್ಚುಕಮ್ಮಿ ನಿಂತುಹೋದವು. ನಾನು ಬೆಳಗಿನ ಪ್ರಶ್ನೆಗೆ ಉತ್ತರ ಕೊಟ್ಟೆ: ಇದು ಗದ್ದೆಯ ನಾಲೆಯಲ್ಲಪ್ಪ, ದೋಣಿಯ ನಾಲೆ. ಅಪ್ಪ ಆಗಲೇ ತಿಳಿದುಕೊಂಡಿದ್ದರು. ಸುಮ್ಮನೆ ನದಿ ನೋಡುತ್ತ ನಿಂತಿದ್ದರು.

ಊರಲ್ಲಿ ಆಗ ರಾತ್ರಿ ಎಂಟು ಗಂಟೆ. ಅಣ್ಣನಿಗೆ ಫೋನ್ ಮಾಡಿಕೊಡು ಅಂದರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ಐದು ವಾರದಲ್ಲಿ ಕೇಳಿರಲಿಲ್ಲ.

"ಇಲ್ಲೊಂದು ನಾಲೆ ನೋಡ್ದೆ ಕಣ್ಲಾ. ಎಂಟು ಬಾಗಿಲು. ಒಂದು ಬಾಗಿಲ ನಾನೇ ತೆಗ್ದೆ... ಊಂ, ಭದ್ರವಾಗದೆ, ಎಲ್ಲೂ ಜಿನುಗಿಲ್ಲ... ಇಲ್ಲ ಕಣೊ, ಗದ್ದೆ ಇಲ್ಲ, ಒಂದು ತೂಬೂ ಇಲ್ಲ." ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡರು. "ಅದಿರ್ಲಿ, ಕೊನೇ ತೂಬಿಗೆ ನೀರು ಬಂತೇನ್ಲಾ?"