ನೆಲದಾಗೆ ಉಳಿದ ಕಾಯಿ

ಶೇಂಗಾ ಗಿಡಕ್ಕೆ ಟ್ಯಾಗ್ ಕಟ್ಟುವಾಗ ಕೈ ತಾನಾಗೇ ಚೆನ್ನಾಗಿ ಬೆಳೆದ ಗಿಡದ ಕಡೆಗೇ ಹೋಗುತ್ತದೆ. ಈ ಮುಂಗಾರಿನಲ್ಲಿ ಚಳ್ಳಕೆರೆ ಹತ್ತಿರದ ಒಂದು ಹೊಲಕ್ಕೆ ತಳಿ ಪ್ರಯೋಗದ ಅಳತೆ ತೆಗೆಯಲು ಹೋದಾಗ ನಾನು ಮೊದಲು ಮಾಡಿದ ತಪ್ಪು ಇದೇ. ಒಂದೊಂದು ತಳಿ ಬಿತ್ತಿದ ತುಂಡು ಜಾಗಕ್ಕೆ ಪ್ಲಾಟ್ ಅನ್ನುತ್ತೇವೆ. ಒಂದು ಪ್ಲಾಟಿನಲ್ಲಿ ಅಳತೆಗೆ 5 ಗಿಡಕ್ಕೆ ಟ್ಯಾಗ್. ಅಂಚಿನ ಸಾಲು ಬೇಡ, ಅಲ್ಲಿ ಗಿಡಕ್ಕೆ ಜಾಗ, ಬೆಳಕು ಜಾಸ್ತಿ ಸಿಕ್ಕಿರುತ್ತದೆ. ಒಳಗಿನ ಸಾಲಿನಲ್ಲೂ ಆರಿಸಿ ಕಟ್ಟುವ ಹಾಗಿಲ್ಲ. ನಾನು ದಪ್ಪ ಗಿಡಗಳಿಗೇ ಕಟ್ಟಿದ್ದೆ. ಮಾರನೇ ದಿನ ಅಷ್ಟನ್ನೂ ಬಿಚ್ಚಿ, ಹೆಜ್ಜೆ ಎಣಿಸಿ, ಕಾಲ ಬುಡದಲ್ಲಿ ಸಿಕ್ಕ ಗಿಡಕ್ಕೇ ಕಟ್ಟಿದೆ. ಸೊರಗಿದ ಗಿಡವೂ ಆ ತಳಿಯದೇ ಅಲ್ವಾ?

ಬಿತ್ತಿ 25-30 ದಿನಕ್ಕೆ ಹೂವು. ಪ್ಲಾಟಿನ ಅರ್ಧ ಗಿಡಗಳು ಹೂ ಬಿಟ್ಟ ದಿನವನ್ನು ಬರೆದುಕೊಳ್ಳಬೇಕು, ಹಾಗಾಗಿ ಆ ವಾರ ಒಂದು ದಿನವೂ ತಪ್ಪಿಸುವಂತಿಲ್ಲ. ಆಮೇಲೆ ಎತ್ತರ, ಕವಲು, ಎಲೆಚುಕ್ಕೆ ರೋಗಕ್ಕೆ 1ರಿಂದ 9ರವರೆಗಿನ ಅಂಕ.

ನನಗೆ ತುಂಬ ಹಿಡಿಸಿದ್ದು ಸ್ಪ್ಯಾಡ್ ಮೀಟರ್. ಎಲೆಯನ್ನು ಅದರ ಬಾಯಿಗೆ ಕೊಟ್ಟು ಒತ್ತಿದರೆ ಸಾಕು, ಕೆಂಪು ಬೆಳಕು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಎರಡೂ ಎಲೆಯನ್ನು ದಾಟಿ ಎಷ್ಟು ಬಂದವು ಅಂತ ನೋಡಿ, ಹಸಿರು ಎಷ್ಟಿದೆ ಅನ್ನುವುದಕ್ಕೆ ಒಂದು ಅಂಕಿ ಕೊಡುತ್ತದೆ. ಎಲೆ ಕೀಳಬೇಕಾಗಿಲ್ಲ. ಶೇಂಗಾದಲ್ಲಿ ಎಲೆ ದಪ್ಪಗೆ, ಗಾಢ ಹಸಿರಾಗಿರುವ ತಳಿಗಳು ಸಾಮಾನ್ಯವಾಗಿ ಕುಡಿದ ನೀರಿಗೆ ಜಾಸ್ತಿ ಬೆಳೆಯುತ್ತವೆ. ಮಳೆಯನ್ನೇ ನಂಬಿದ ಚಳ್ಳಕೆರೆ, ಹಿರಿಯೂರಿನವರಿಗೆ ಇದು ಸಣ್ಣ ಮಾತಲ್ಲ. ಆದರೆ ಒಂದು ಗಿಡದಲ್ಲಿ ಎಳೆ ಎಲೆ, ಇನ್ನೊಂದರಲ್ಲಿ ಬುಡದ ಹಳೇ ಎಲೆ ಹಿಡಿದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಮುಖ್ಯ ಕಾಂಡದ ತುದಿಯಿಂದ ಮೂರನೇ ಎಲೆ, ಪೂರ್ತಿ ಬಿಚ್ಚಿದ್ದು. ನಡುನರ ಬಿಟ್ಟು, ಅದರ ನಾಲ್ಕೂ ಕಿರುಎಲೆಗಳಲ್ಲಿ, ಪ್ರತಿ ಸಲ ಅದೇ ಹೊತ್ತಿಗೆ.

ಕೀಳುವ ಹೊತ್ತಿಗೆ ಮಳೆ ಕೈಕೊಟ್ಟಿತ್ತು. ಕೆಂಪು ನೆಲ ಕಲ್ಲಿನಂತಾಗಿತ್ತು. ಗಿಡ ಕಿತ್ತು, ಮಣ್ಣು ಕೊಡವಿ, ಕಾಯಿ ಎಣಿಸಿ ಬರೆಯುತ್ತಿದ್ದೆ. ಕೂಲಿಗೆ ಬಂದಿದ್ದ ಅಕ್ಕ ನೋಡಿದರು. "ಅಣ್ಣಾ, ಗಿಡದಾಗಿನ ಕಾಯಿ ಬರ್ಕೊಂಡ್ರಿ. ನೆಲದಾಗೆ ಉಳಿದಿದ್ದು?" ಅಂದವರೇ ಸಣ್ಣ ಗುದ್ದಲಿಯಿಂದ ಅಗೆದರು. ಕಾಯಿ ಜಾಸ್ತಿ ಅಂತ ನಾನು ಗುರುತು ಹಾಕಿದ್ದ ತಳಿಯ ಬುಡದಲ್ಲೇ ಮುಷ್ಟಿ ತುಂಬ ಸಿಕ್ಕಿತು. ಪಕ್ಕದ ಪ್ಲಾಟಿನ ಗಿಡಗಳು ಕಾಯಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಮೇಲೆ ಬಂದಿದ್ದವು. ರೈತನಿಗೆ ಆ ಮುಷ್ಟಿ ಕಾಯಿ ಅಂದರೆ ಮತ್ತೆ ಅಗೆಸಿ, ಆಯಿಸಲು ಇನ್ನೊಂದು ದಿನದ ಕೂಲಿ.

ಟಿಎಂವಿ-2 ಅನ್ನುವ ಹಳೇ ಶೇಂಗಾ ತಳಿ ಬಿಡುಗಡೆಯಾಗಿದ್ದು 1940ರಲ್ಲಿ. ಆಮೇಲೆ ಎಷ್ಟೋ ತಳಿ ಬಂದವು. ಧಾರವಾಡದ ಜಿಪಿಬಿಡಿ-4 ಎಲೆಚುಕ್ಕೆ, ತುಕ್ಕು ರೋಗ ಎರಡನ್ನೂ ತಡೆದುಕೊಳ್ಳುತ್ತದೆ. ಆದರೂ ನಮ್ಮ ಕಡೆ ಹಳೇ ತಳಿ ಬಿಡದ ರೈತರಿದ್ದಾರೆ. ಅವರದು ಸುಮ್ನೆ ಹಠ ಅಂತ ನನಗೆ ಅನ್ನಿಸುವುದಿಲ್ಲ. ಬೀಜದ ಬೆಲೆ, ದನಕ್ಕೆ ಸಿಗುವ ಹೊಟ್ಟು, ಕೀಳುವ ಸುಲಭ, ಹೀಗೆ ನಮ್ಮ ಪುಸ್ತಕದಲ್ಲಿ ಜಾಗವೇ ಇಲ್ಲದ ಎಷ್ಟನ್ನೋ ಅವರು ಲೆಕ್ಕ ಹಾಕುತ್ತಿರುತ್ತಾರೆ.

ಆವತ್ತು ಸಂಜೆ ಫೀಲ್ಡ್ ಬುಕ್ಕಿನಲ್ಲಿ ಗೆರೆ ಎಳೆದು ಹೊಸ ಕಾಲಂ ಮಾಡಿದೆ. ಮೂರನೇ ಸಾಲಿನ ಪ್ಲಾಟುಗಳು ಇನ್ನೂ ಕಿತ್ತಿರಲಿಲ್ಲ, ಅವುಗಳಿಗಷ್ಟೇ ತುಂಬಲು ಆಯಿತು. ಅಗೆದಿದ್ದು ಅಕ್ಕ, ಎಣಿಸಿದ್ದು ನಾನು.