ಭಾನುವಾರ ಮಧ್ಯಾಹ್ನ ಹತ್ತು ಜನ ಸೇರಿದರೆ

ವಾರದ ಕೊನೆಗೆ ನೆಂಟರಿಷ್ಟರು, ಸ್ನೇಹಿತರು ಒಂದು ಮನೆಯಲ್ಲಿ ಸೇರಿದ ಮಧ್ಯಾಹ್ನ ಚೆನ್ನಾಗಿತ್ತೋ ಇಲ್ಲವೋ ಎಂದು ತಿಳಿಯಲು ಒಂದೇ ಲೆಕ್ಕ ಸಾಕು: ಕರೆದವರು ಎಷ್ಟು ಹೊತ್ತು ಕೂತಿದ್ದರು? ನಾಲ್ಕು ಗಂಟೆಯಲ್ಲಿ ಮೂರು ಗಂಟೆ ಅವರು ಒಲೆ ಮುಂದೆಯೇ ನಿಂತಿದ್ದರೆ ಬಂದವರಿಗೂ ಸಮಾಧಾನವಿರುವುದಿಲ್ಲ. ಒಬ್ಬೊಬ್ಬರಾಗಿ ಎದ್ದು ಬಂದು ‘ನಾನೇನಾದ್ರೂ ಮಾಡ್ಲಾ?’ ಎಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾರೆ, ಮಾತು ಅಲ್ಲಿಗೆ ಕಡಿಯುತ್ತದೆ. ಮನೆಯವರು ಕೂರುವಂತಾಗಬೇಕು. ತಯಾರಿಯೆಲ್ಲ ಅದಕ್ಕೇ.

‘ಯಾವಾಗಲಾದ್ರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ನಾಲ್ಕೈದು ದಿನ ಮುಂಚೆಯೇ ‘ಭಾನುವಾರ ಹನ್ನೆರಡಕ್ಕೆ ಬನ್ನಿ, ಒಂದಕ್ಕೆ ಊಟ, ನಾಲ್ಕರವರೆಗೆ ಕೂರೋಣ’ ಎಂದು ಹೇಳಿಬಿಡಬೇಕು. ಮುಗಿಯುವ ಹೊತ್ತನ್ನೂ ಹೇಳುವುದು ಒರಟು ಅನ್ನಿಸಬಹುದು. ಆದರೆ ಮಡಿಲಲ್ಲಿ ಮಗು ಇರುವವರು, ಸೋಮವಾರ ಮುಂಜಾನೆ ಕೆಲಸಕ್ಕೆ ಓಡುವವರು ಧೈರ್ಯವಾಗಿ ಒಪ್ಪಿಕೊಳ್ಳುವುದು ಆ ಮಾತು ಕೇಳಿದ ಮೇಲೆಯೇ. ‘ಏನು ತರಲಿ?’ ಎಂದು ಕೇಳಿದವರಿಗೆ ‘ಏನೂ ಬೇಡ’ ಎನ್ನಬೇಡಿ. ಹಾಗೆಂದರೆ ನಾಲ್ಕು ಮನೆಯಿಂದ ನಾಲ್ಕು ಸಿಹಿಯ ಡಬ್ಬಿ ಬರುತ್ತವೆ, ಐಸ್ ಯಾರೂ ತರುವುದಿಲ್ಲ. ಒಬ್ಬರಿಗೆ ಎರಡು ಕಿಲೋ ಐಸ್, ಇನ್ನೊಬ್ಬರಿಗೆ ಹಣ್ಣು, ಮತ್ತೊಬ್ಬರಿಗೆ ನಾಲ್ಕು ಕುರ್ಚಿ ಎಂದು ಹೆಸರಿಟ್ಟು ಹೇಳಿದರೆ ಅವರಿಗೂ ಹಗುರ.

ಅಡುಗೆ ಮೂರು ಪಾತ್ರೆ ದಾಟಬಾರದು ಎಂದೇ ನನ್ನ ಮಾತು. ಅದರಲ್ಲಿ ಎರಡು ಹಿಂದಿನ ರಾತ್ರಿಯೇ ಮಾಡಿಡುವಂಥವಾಗಿರಲಿ. ನಾಲ್ವರ ಅಡುಗೆಗೆ ಹಿಡಿಯುವ ಹೊತ್ತನ್ನೇ ಹತ್ತು ಜನರ ಅಡುಗೆಗೂ ಲೆಕ್ಕ ಹಾಕುವುದು ಸಾಮಾನ್ಯ ತಪ್ಪು. ಒಲೆಯ ಉರಿ ಹಿಂದಿನಷ್ಟೇ ಇರುತ್ತದೆ. ಪಾತ್ರೆಯಲ್ಲಿ ನೀರು ಎರಡರಷ್ಟಾದರೆ ಕುದಿಯಲು ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಒಂದು ಗಂಟೆಯ ಊಟ ಎರಡೂವರೆಗೆ ಜಾರುವುದು ಹೀಗೆ.

ರಾತ್ರಿ ಮಾಡಿಟ್ಟದ್ದನ್ನು ದೊಡ್ಡ ಪಾತ್ರೆಯ ಸಮೇತ ಫ್ರಿಜ್ಜಿಗೆ ತಳ್ಳಬೇಡಿ. ಅಂಚು ತಣ್ಣಗಾದರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಚುರುಕಾಗಿ ಬೆಳೆಯುತ್ತವೆ. ಎರಡು ಇಂಚಿಗಿಂತ ಆಳವಾಗದಂತೆ ಅಗಲವಾದ ಪಾತ್ರೆಗಳಿಗೆ ಹಂಚಿ, ಎರಡು ಗಂಟೆಯೊಳಗೆ ಒಳಗಿಡಿ. ಮರುದಿನ ಬಡಿಸುವಾಗಲೂ ಇದೇ ಲೆಕ್ಕ: ಹೊರಗಿಟ್ಟ ಊಟಕ್ಕೆ ಎರಡು ಗಂಟೆ, ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮಾತಿನ ಸಂಭ್ರಮದಲ್ಲಿ ಮೇಜಿನ ಮೇಲೆ ಸಂಜೆವರೆಗೆ ಮರೆತ ಪಾತ್ರೆಯಿಂದಲೇ ರಾತ್ರಿ ಹೊಟ್ಟೆ ಕೆಡುವುದು.

ಇನ್ನು ಕೂರುವ ಜಾಗ. ಊಟದಷ್ಟೇ ಗಮನ ಇದಕ್ಕೂ ಕೊಡಬೇಕು, ಆದರೆ ಯಾರೂ ಕೊಡುವುದಿಲ್ಲ. ಮನೆಯ ಹಾಲ್ ನೋಡಿ: ಸೋಫಾ, ಕುರ್ಚಿ ಎಲ್ಲವೂ ಟಿವಿ ಕಡೆಗೆ ಮುಖ ಮಾಡಿರುತ್ತವೆ. ಟಿವಿ ಆರಿಸಿದ್ದರೂ ಕೂತವರು ಒಬ್ಬರ ಮುಖ ಒಬ್ಬರು ನೋಡಬೇಕಾದರೆ ಕುತ್ತಿಗೆ ತಿರುಗಿಸಬೇಕು. ಬೆಳಿಗ್ಗೆಯೇ ಎರಡು ಕುರ್ಚಿಗಳನ್ನು ಟಿವಿಗೆ ಬೆನ್ನಾಗಿಸಿ, ಸೋಫಾದ ಎದುರಿಗೆ ಎಳೆದಿಡಿ. ನಡುವೆ ಆರೇಳು ಅಡಿ ಸಾಕು. ಹತ್ತು ಅಡಿ ದಾಟಿದರೆ ಮೆಲ್ಲಗೆ ಆಡಿದ ಮಾತು ಎದುರಿನವರಿಗೆ ಮುಟ್ಟುವುದಿಲ್ಲ, ಹೇಳಿದ್ದನ್ನೇ ಮತ್ತೆ ಹೇಳಬೇಕಾಗುತ್ತದೆ. ಹತ್ತು ಜನರನ್ನೂ ಒಂದೇ ಸುತ್ತಿನಲ್ಲಿ ಕೂರಿಸುವ ಹಟ ಬೇಡ. ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಮಾತುಕತೆಯಲ್ಲಿ ಸುಮಾರು ನಾಲ್ವರವರೆಗೆ ನಿಲ್ಲುತ್ತಾರೆ, ಐದನೆಯವರು ಬಂದರೆ ಮಾತು ಎರಡಾಗಿ ಒಡೆಯುತ್ತದೆ. ಒಡೆಯಲಿ. ಮೂರು ಕಡೆ ಮೂರು ನಾಲ್ಕು ಆಸನಗಳಿದ್ದರೆ ಆ ಒಡೆಯುವಿಕೆ ಸಲೀಸಾಗಿ ಆಗುತ್ತದೆ, ಮೂಲೆಯಲ್ಲಿ ಒಬ್ಬರು ಸುಮ್ಮನೆ ನಗುತ್ತಾ ಕೂರಬೇಕಾಗುವುದಿಲ್ಲ.

ಹಾಡು ಹಾಕುವುದಾದರೆ ಬಂದವರು ಕೂತು ಮಾತು ಶುರುವಾಗುವವರೆಗೆ ಸಾಕು. ಸುತ್ತ ಸದ್ದಿದ್ದರೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ಇದನ್ನು ಗುರುತಿಸಿ ಬರೆದದ್ದು 1911ರಲ್ಲಿ. ಒಬ್ಬರು ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಅರ್ಧ ಗಂಟೆಯಲ್ಲಿ ಎಲ್ಲರೂ ಕೂಗಿ ಮಾತಾಡುತ್ತಿರುತ್ತಾರೆ. ಇದರಿಂದ ಹೆಚ್ಚು ಕಷ್ಟವಾಗುವುದು ಅಜ್ಜ ಅಜ್ಜಿಯರಿಗೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀಚು ಸದ್ದುಗಳನ್ನು. ಸ, ಶ, ತ, ಕ ಇಂಥ ಅಕ್ಷರಗಳು ಗದ್ದಲದಲ್ಲಿ ಕರಗಿಬಿಡುತ್ತವೆ, ಸದ್ದು ಕೇಳಿದರೂ ಮಾತು ತಿಳಿಯುವುದಿಲ್ಲ. ಅವರನ್ನು ಗೋಡೆಗೆ ಬೆನ್ನು ಮಾಡಿ, ಮಿಕ್ಸಿ, ನಲ್ಲಿಗಳ ಸದ್ದಿನಿಂದ ದೂರ, ಮಾತಾಡುವವರ ಮುಖದ ಮೇಲೆ ಬೆಳಕು ಬೀಳುವ ಕಡೆ ಕೂರಿಸಿ. ತುಟಿ ಕಂಡರೆ ಅರ್ಧ ಮಾತು ಕಂಡಂತೆ. ಅವರು ತಾವಾಗಿಯೇ ಒಂದು ಕಥೆ ಎತ್ತಿಕೊಂಡರೆ ಜಾಗ ಸರಿಯಾಗಿದೆ ಎಂದು ಗೊತ್ತಾಗುತ್ತದೆ. ಆ ಹೊತ್ತು ಎಷ್ಟು ಚೆಂದ!

ಮಕ್ಕಳಿಗೆ ನೀರಿನ ಲೋಟ ಹಂಚುವ ಕೆಲಸ ಕೊಡಿ, ಆಟ ಊಟದ ನಂತರ. ಮೊದಲೇ ಆಟ ಶುರುವಾದರೆ ಯಾವ ಮಗುವೂ ತಟ್ಟೆ ಮುಂದೆ ಕೂರುವುದಿಲ್ಲ.

ಪಾತ್ರೆ ತೊಳೆಯುವುದಕ್ಕೆ ಎಲ್ಲರೂ ಒಟ್ಟಿಗೆ ಎದ್ದರೆ ಅಡುಗೆಮನೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಇಬ್ಬರು ಸಾಕು, ಒಬ್ಬರು ತೊಳೆಯಲು, ಒಬ್ಬರು ಒರೆಸಲು. ಪಕ್ಕಪಕ್ಕ ನಿಂತು ಕೈ ಆಡಿಸುವಾಗ, ಎದುರುಬದುರು ಕೂತಾಗ ಬಾರದ ಮಾತು ಎಷ್ಟೋ ಸಲ ಹೊರಬರುತ್ತದೆ. ಹಾಗಾಗಿ ಆ ಇಬ್ಬರನ್ನು ಅವರ ಪಾಡಿಗೆ ಬಿಟ್ಟುಬಿಡಿ. ತಂದ ಡಬ್ಬಿಗಳ ತಳಕ್ಕೆ ಮೊದಲೇ ಹೆಸರಿನ ಚೀಟಿ ಅಂಟಿಸಿದ್ದರೆ ಹೊರಡುವಾಗ ಅವು ಅದಲುಬದಲಾಗುವುದಿಲ್ಲ. ಚಪ್ಪಲಿ ಮೆಟ್ಟಿದ ಮೇಲೂ ಬಾಗಿಲಲ್ಲಿ ಇನ್ನೊಂದು ಹದಿನೈದು ನಿಮಿಷದ ಮಾತು ಇದ್ದೇ ಇರುತ್ತದೆ. ನಾಲ್ಕು ಗಂಟೆ ಎಂದು ಹೇಳುವಾಗಲೇ ಅದನ್ನೂ ಲೆಕ್ಕಕ್ಕೆ ಹಿಡಿದಿರಿ.